ಹೊಳೆಯಾಚೆಗೆ ಕೇಳುವ ಇಂಗ್ಲಿಷು

ಶಿವನಂಜಪ್ಪ ಮೇಷ್ಟ್ರು ನಮಗೆ ಇಂಗ್ಲಿಷ್ ಡಿಕ್ಟೇಷನ್ ಕೊಡುತ್ತಿದ್ದುದು ಹೇಮಾವತಿಯ ಈ ದಡದಲ್ಲಿ ನಿಂತು. ಬರೆದುಕೊಳ್ಳುವ ನಾವು ಆ ದಡದ ಮರಳಿನ ಮೇಲೆ ಸ್ಲೇಟು ಹಿಡಿದು ಕೂತಿರುತ್ತಿದ್ದೆವು. ನಡುವೆ ಹೊಳೆ. ಅಂಚಿನಲ್ಲಿ ಮಡಿವಾಳರು ಬಟ್ಟೆ ಒಗೆಯುತ್ತಿದ್ದರು, ಎಮ್ಮೆಗಳು ಮುಳುಗಿ ಏಳುತ್ತಿದ್ದವು, ಸಾಲದ್ದಕ್ಕೆ ಗಾಳಿ. ಮೇಷ್ಟ್ರು ಒಂದು ಬಂಡೆ ಹತ್ತಿ, ಕಚ್ಚೆಪಂಚೆ ಬಿಗಿಮಾಡಿಕೊಂಡು, ಪುಸ್ತಕವನ್ನು ತೋಳುದ್ದ ದೂರ ಹಿಡಿದು, ಒಂದೊಂದು ವಾಕ್ಯವನ್ನೂ ಎದೆಯಿಂದ ತೆಗೆದು ಎಸೆಯುತ್ತಿದ್ದರು. ಹೊಳೆನರಸೀಪುರದ ಜನ ಮೊದಮೊದಲು ನಿಂತು ನೋಡುತ್ತಿದ್ದರಂತೆ. ನಾನು ಆ ಊರಿಗೆ ಓದಲು ಬರುವ ಹೊತ್ತಿಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಎಮ್ಮೆಗಳಿಗೂ ಅಭ್ಯಾಸವಾಗಿಹೋಗಿತ್ತು.

ಇದು ಹುಚ್ಚಾಟವೆಂದು ಈಗಿನವರು ನಗಬಹುದು. ಆಗಿನ ಪರೀಕ್ಷೆ ಎಂಥದೆಂದು ತಿಳಿದ ಮೇಲೆ ನಗಲಿ. ಹೈಸ್ಕೂಲಿನ ಕೊನೆಯ ವರ್ಷ ಇಂಗ್ಲಿಷಿನಲ್ಲಿ ಪ್ರಶ್ನೆಗಳಿಗೆ ಉತ್ತರ ಬರೆದರಷ್ಟೇ ಮುಗಿಯುತ್ತಿರಲಿಲ್ಲ. ಹಾಸನಕ್ಕೆ ಹೋಗಿ, ಹೊರಗಿನಿಂದ ಬಂದ ಪರೀಕ್ಷಕರು ಓದಿದ್ದನ್ನು ಕೇಳಿ ಬರೆಯಬೇಕಿತ್ತು. ಆಮೇಲೆ ಒಬ್ಬೊಬ್ಬರಾಗಿ ಅವರ ಕೋಣೆಗೆ ಹೋಗಿ, ಅವರು ತೆಗೆದುಕೊಟ್ಟ ಪುಟವನ್ನು ಓದಿ ಒಪ್ಪಿಸಬೇಕಿತ್ತು. ಇವೆರಡರಲ್ಲಿ ಒಂದು ಹೋದರೂ ಇಂಗ್ಲಿಷ್ ಹೋಯಿತು. ಇಂಗ್ಲಿಷ್ ಹೋದರೆ ಪರೀಕ್ಷೆಯೇ ಹೋಯಿತು. ವಕೀಲರ ಮಕ್ಕಳಿಗೆ, ಅಮಲ್ದಾರರ ಮಕ್ಕಳಿಗೆ ಇದೇನು ದೊಡ್ಡ ಸಂಗತಿಯಲ್ಲ. ಅವರ ಮನೆಗೆ ಇಂಗ್ಲಿಷ್ ಪೇಪರು ಬರುತ್ತಿತ್ತು, ಕಾಫಿ ಕುಡಿಯುತ್ತಾ ಅದನ್ನು ಓದಿ ಹೇಳುವ ಹಿರಿಯರಿದ್ದರು. ಹಳ್ಳಿಯಿಂದ ಬಂದ ನಮಗೆ ಇಂಗ್ಲಿಷ್ ಕಿವಿಗೆ ಬೀಳುತ್ತಿದ್ದುದು ಶಿವನಂಜಪ್ಪ ಮೇಷ್ಟ್ರ ಬಾಯಿಂದ ಮಾತ್ರ. ನನ್ನ ತಂದೆ ಹಿರೀಸಾವೆಯಲ್ಲಿ ರಾಗಿ ಬೆಳೆಯುವವರು. ನನ್ನನ್ನು ಕಳಿಸುವಾಗಲೇ ಖಂಡಿತವಾಗಿ ಹೇಳಿಬಿಟ್ಟಿದ್ದರು: "ಒಂದ್ ಕಿತ ನೋಡ್ತೀನಿ ಕಣ್ಲಾ. ಪಾಸಾದ್ರೆ ಮುಂದಕ್ಕೆ ಓದ್ಕೊ. ಇಲ್ಲಾಂದ್ರೆ ಬಂದು ಆರು ಕಟ್ಟು." ನನ್ನ ಜೊತೆಯ ಹಳ್ಳಿ ಹುಡುಗರ ಪಾಡೂ ಇದೇ. ಎಲ್ಲರ ಬೆನ್ನಿಗೂ ಒಂದು ನೇಗಿಲು ಕಾಯುತ್ತಿತ್ತು.

ಮೇಷ್ಟ್ರು ಅರಕಲಗೂಡಿನ ಕಡೆಯವರು. ತಂದೆ ಸಂತೆಯಿಂದ ಸಂತೆಗೆ ಮೆಣಸಿನಕಾಯಿ ಮಾರುತ್ತಿದ್ದ ಲಿಂಗಾಯತರು. ಕುಳ್ಳಗಿನ ಆಳು, ಆದರೆ ಎದೆ ಮಾತ್ರ ಅಗಸೆ ಬಾಗಿಲಿನ ಹಾಗೆ ಅಗಲ. ಹಣೆಯ ತುಂಬ ವಿಭೂತಿ, ಕುತ್ತಿಗೆತನಕ ಗುಂಡಿ ಹಾಕಿದ ಕರಿಕೋಟು, ಹೆಗಲ ಮೇಲೆ ಬಿಳಿಯ ವಲ್ಲಿ. ಆ ವಲ್ಲಿಬಟ್ಟೆಯ ವಿಷಯ ಮುಂದೆ ಹೇಳುತ್ತೇನೆ. ಹುಡುಗರನ್ನು ಅವರು ಹೆಸರು ಹಿಡಿದು ಕರೆದವರೇ ಅಲ್ಲ. ಊರಿನ ಹೆಸರೇ ನಮ್ಮ ಹೆಸರು. ನಾನು ಹಿರೀಸಾವೆ. ನನ್ನ ಗೆಳೆಯ ನಂಜೇಗೌಡ ಕೊರವಂಗಲ. "ಏಯ್ ಕೊರವಂಗಲ, ಎದ್ ನಿಂತ್ಕೊ. ಹಿರೀಸಾವೆ ಯಾಕ್ಲಾ ನಿದ್ದೆ ಒಡೀತದೆ?" ಎಂದರೆ ತರಗತಿಗೆ ತರಗತಿಯೇ ನಗುತ್ತಿತ್ತು. ನಮ್ಮ ಮೇಲೆ ಒಂದು ಊರಿಗೆ ಊರೇ ಕೂತಿದೆಯೆಂದು ನೆನಪಿಸುವುದಕ್ಕೆ ಹಾಗೆ ಕರೆಯುತ್ತಿದ್ದರೋ ಏನೋ, ನಾನಂತೂ ಕೇಳಲಿಲ್ಲ.

ಕನ್ನಡದಲ್ಲಿ ಅವರು ಊರಿನ ಮಾತನ್ನು ಬಿಟ್ಟವರಲ್ಲ. 'ಓಗು' 'ಬತ್ತೀನಿ' ಎಂದೇ ಆಡುತ್ತಿದ್ದರು. ಇಂಗ್ಲಿಷಿಗೆ ಬಂದರೆ ಬೇರೆಯೇ ಮನುಷ್ಯ. ಒಂದೊಂದು ಅಕ್ಷರವನ್ನೂ ತೂಕಕ್ಕೆ ಇಟ್ಟ ಹಾಗೆ ಇಡುತ್ತಿದ್ದರು, ಒಂದು ಕಾಳೂ ಕೆಳಗೆ ಬೀಳಬಾರದು. ವ್ಯಾಕರಣದಲ್ಲಿ ಅವರನ್ನು ಹಿಡಿಯುವವರು ನಮ್ಮ ಶಾಲೆಯಲ್ಲಿ ಯಾರೂ ಇರಲಿಲ್ಲ. ಹೆಡ್ಮಾಸ್ತರರೇ ತಮ್ಮ ಅರ್ಜಿಗಳನ್ನು ಇವರಿಗೆ ತೋರಿಸಿ ಕಳಿಸುತ್ತಿದ್ದರು. ದೂರದ ಹುಡುಗರಾದ ನಾವು ನಾಲ್ಕಾರು ಮಂದಿ ಅವರ ಮನೆಯ ಹಿಂದಿನ ಪಡಸಾಲೆಯಲ್ಲಿ ಇದ್ದು, ಮುದ್ದೆ ನಾವೇ ಬೇಯಿಸಿಕೊಳ್ಳುತ್ತಿದ್ದೆವು. ಸಾರಿಗೆ ಉಪ್ಪು ಹೆಚ್ಚಾದರೂ ಮೇಷ್ಟ್ರು ಕೂಗಿದ್ದು ಬೀದಿಗೆಲ್ಲ ಕೇಳುತ್ತಿತ್ತು. ಅವರ ಹೆಂಡತಿ ಗೌರಮ್ಮನವರು ಒಮ್ಮೆ ನಮ್ಮ ಮುಂದೆಯೇ ಹೇಳಿದರು: "ನಿಮ್ಮ ಮೇಷ್ಟ್ರು ನನ್ನ ಬೈದ್ರೂ ವಳೆ ಆಚೆಯೋರು ಬಂದು ಸಮಾಧಾನ ಯೋಳ್ತಾರೆ ಕಣ್ರಪ್ಪ."

ಹೊಳೆಯ ಪಾಠಕ್ಕೆ ಕಾರಣವನ್ನು ಅವರೇ ಒಂದು ಬೆಳಿಗ್ಗೆ ಬಂಡೆಯ ಮೇಲೆ ಕೂತು ಹೇಳಿದರು. ಕೊರವಂಗಲದವನು, ಮಡಿವಾಳರಿಗೆ ಒಂದು ಗಳಿಗೆ ನಿಲ್ಲಿಸಿ ಎಂದು ಹೇಳಿಬರಲೇ ಸಾ, ಎಂದು ಕೇಳಿದ್ದ. ಮೇಷ್ಟ್ರಿಗೆ ಸಿಟ್ಟೇ ಬಂತು.

"ಯಾಕ್ಲಾ ನಿಲ್ಲುಸ್ಬೇಕು? ಪರೀಕ್ಸೆ ರೂಮ್ನಾಗೆ ಕಾಗೆ ಕೂಗಾಕಿಲ್ವ? ಪಕ್ಕದೋನು ಕೆಮ್ಮಾಕಿಲ್ವ? ಆವಾಗ ಯಾರಿಗ್ಲಾ ನಿಲ್ಸು ಅಂತೀಯ?" ಎಂದವರು ಸ್ವಲ್ಪ ಹೊತ್ತು ನೀರು ನೋಡಿದರು. ಆಮೇಲೆ ದನಿ ಇಳಿಸದೆಯೇ, ಅವರಿಗೆ ಇಳಿಸುವುದಕ್ಕೆ ಬರುತ್ತಲೂ ಇರಲಿಲ್ಲ, ತಮ್ಮ ಕಥೆ ಹೇಳಿದರು. "ನಾನು ಪರೀಕ್ಸೆಗೆ ಓದಾಗ ನಂಗೂ ಇಂಗೇ ಒಂದು ಪುಟ ಕೊಟ್ರು. ಒಂದಕ್ಸರಾನೂ ತಪ್ಪಿರ್ನಿಲ್ಲ ಕಣ್ರಲಾ. ಆದ್ರೆ ಆ ಮನುಸನ್ನ ನೋಡ್ತಿದ್ದಂಗೆ ಗಂಟ್ಲು ಕಟ್ಕೊಂಬುಡ್ತು. ನನ್ನ ಮಾತು ನನ್ನ ತುಟಿಯಿಂದ ಆಚೆಗೆ ಬರ್ನಿಲ್ಲ. 'ಏನೂ ಕೇಳಿಸ್ತಿಲ್ಲ, ಓಗಯ್ಯಾ' ಅಂದ್ಬುಟ್ಟ. ಮುಂದಿನ ವರ್ಸಾನೂ ಅದೇ ಮಾತು. ಎರಡ್ ಕಿತ ನನ್ನ ಆಚೆಗೆ ಅಟ್ಟಿದ್ರು. ನಮ್ಮಪ್ಪ ಮೂರನೇ ಕಿತಕ್ಕೆ ಎತ್ತು ಮಾರಿ ಕಳಿಸ್ದ. ನನ್ನ ಉಡುಗ್ರಿಗೆ ಯಾವ ನನ್ಮಗನೂ ಕೇಳಿಸ್ತಿಲ್ಲ ಅನ್ನಬಾರದು. ಅಂದ್ರೆ ಅವನ ಕಿವಿ ಕಿವುಡು ಅಂತ ಊರೆಲ್ಲ ನಗಬೇಕು."

ಆ ದಿನದಿಂದ ನನಗೆ ಹೊಳೆ ಬೇರೆಯಾಗಿ ಕಂಡಿತು. ಆ ಕುಳ್ಳ ಮನುಷ್ಯ ಬಂಡೆಯ ಮೇಲೆ ನಿಂತು ಕೂಗುತ್ತಿದ್ದುದು ನಮಗಲ್ಲ, ಎಂದೋ ತನ್ನನ್ನು ಆಚೆಗೆ ಅಟ್ಟಿದ ಒಬ್ಬ ಪರೀಕ್ಷಕನಿಗೆ. ಅವನು ಈಗಲೂ ಆ ದಡದಲ್ಲಿ ಕೂತಿದ್ದಾನೆ, ಅವನಿಗೆ ಕೇಳಿಸಲೇಬೇಕು ಎಂಬ ಹಟ.

ಡಿಕ್ಟೇಷನ್ ಮುಗಿದ ಮೇಲೆ ನಮ್ಮ ಸರದಿ. ಸರದಿ ಬಂದ ಹುಡುಗ ಈಚೆಗೆ ಬಂದು ನಿಂತು ಓದಬೇಕು, ಮೇಷ್ಟ್ರು ನೀರು ದಾಟಿ ಆಚೆ ಹೋಗಿ ನಿಲ್ಲುವರು. ಒಂದು ಮಾತು ಕೇಳದಿದ್ದರೂ ಅವರು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಕೂತರೆಂದರೆ ಮತ್ತೆ ಮೊದಲಿಂದ ಓದಬೇಕು. ಪ್ರತಿ ಮಾತೂ ಕೇಳಿಸಿದರೆ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿಯುವರು. ವಲ್ಲಿ ಎದ್ದರೆ ಪಾಸು. ಕೊರವಂಗಲದವನಿಗೆ ಅದು ಸಲೀಸು. ದೊಡ್ಡ ಕುಟುಂಬದ ಹೊಲ, ಈ ತುದಿಯಿಂದ ಆ ತುದಿಗೆ ಕೂಗಿ ಬೆಳೆದ ಗಂಟಲು ಅವನದು. ನನ್ನದು ತೆಳು ದನಿ. ಮೇಷ್ಟ್ರು ನನಗಾಗಿ ಎಷ್ಟು ಸಲ ಮರಳಿನಲ್ಲಿ ಕೂತರೋ, ನನ್ನ ಕಣ್ಣಲ್ಲಿ ಎಷ್ಟು ಸಲ ನೀರು ಬಂತೋ. ಆದರೆ ಅವರು ಒಮ್ಮೆಯೂ ಸುಳ್ಳಿಗೆ ವಲ್ಲಿ ಎತ್ತಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ, ಹಡಗು ಮುಳುಗುವ ಪಾಠವನ್ನು ನಾನು ಕಣ್ಣು ಮುಚ್ಚಿಕೊಂಡೇ ಕೂಗಿ ಮುಗಿಸಿ, ಕಣ್ಣು ತೆರೆದರೆ ಆಚೆ ದಡದಲ್ಲಿ ಬಿಳಿಯ ಬಟ್ಟೆ ಹಾರಾಡುತ್ತಿತ್ತು. ಅಂಥ ಸಂತೋಷ ನನಗೆ ಆಮೇಲೆ ಕೆಲಸ ಸಿಕ್ಕಾಗಲೂ ಆಗಲಿಲ್ಲ, ಮದುವೆಯಾದಾಗಲೂ ಆಗಲಿಲ್ಲ.

ಹಡಗು ಮುಳುಗುವ ಪಾಠ ನಮ್ಮ ರೀಡರಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಸಮುದ್ರದಲ್ಲಿ ಬಿರುಗಾಳಿ, ಕಪ್ತಾನ ಮೇಲೆ ನಿಂತು ನಾವಿಕರಿಗೆ ಕೂಗಿ ಅಪ್ಪಣೆ ಕೊಡುತ್ತಾನೆ. ಸಮುದ್ರವನ್ನು ನಮ್ಮಲ್ಲಿ ಯಾರೂ ಕಂಡವರಲ್ಲ, ಮೇಷ್ಟ್ರೂ ಕಂಡಿರಲಿಲ್ಲ. ಮಳೆಗಾಲದ ಹೇಮಾವತಿಯನ್ನೇ ಹತ್ತರಷ್ಟು ಮಾಡಿಕೊಳ್ಳಿರೋ ಎನ್ನುತ್ತಿದ್ದರು. ಪರೀಕ್ಷಕರು ಆ ಪುಟವನ್ನೇ ತೆಗೆಯುತ್ತಾರೆಂದು ಅವರಿಗೆ ಎಲ್ಲಿಂದ ಅನ್ನಿಸಿತೋ ಕಾಣೆ. ಅದು ಮಾತ್ರ ನಿಜವಾಯಿತು.

ಹಾಸನಕ್ಕೆ ರೈಲಿನಲ್ಲಿ ಹೋದೆವು. ದಾರಿಯಲ್ಲೂ ಸುಮ್ಮನೆ ಕೂರಬಿಡಲಿಲ್ಲ. ಗಾಲಿಗಳ ಸದ್ದನ್ನು ಮೀರಿಸಿ ಓದಿ ಎಂದರು. ಎದುರು ಕೂತಿದ್ದ ಎಲೆ ವ್ಯಾಪಾರಿಯೊಬ್ಬರು ಕಿವಿ ಮುಚ್ಚಿಕೊಂಡು ಮುಂದಿನ ಸ್ಟೇಷನ್ನಿನಲ್ಲಿ ಬೇರೆ ಡಬ್ಬಿಗೆ ಹೋದರು. "ನೋಡಿದ್ರೇನ್ರಲಾ, ಕೇಳಿಸ್ತು ಅಂತಾಯ್ತು" ಎಂದು ಮೇಷ್ಟ್ರು ಖುಷಿಪಟ್ಟರು.

ಕೇಳಿ ಬರೆಯುವ ಪರೀಕ್ಷೆ ಮೊದಲು ಆಯಿತು. ಪರೀಕ್ಷಕರು ಬೆಂಗಳೂರಿನ ಕಡೆಯವರು. ಸೂಟು, ಜರಿಪೇಟ, ಕುತ್ತಿಗೆಗೆ ಉಣ್ಣೆಯ ಬಟ್ಟೆ. ತಮ್ಮಷ್ಟಕ್ಕೆ ತಾವು ಮಾತಾಡಿಕೊಂಡ ಹಾಗೆ ಓದಿದರು. ಪೇಟೆಯ ಹುಡುಗರೇ ಮುಖಮುಖ ನೋಡಿಕೊಂಡರು. ಹೊಳೆ, ಗಾಳಿ, ಮಡಿವಾಳರ ಕಲ್ಲು ಎಲ್ಲವನ್ನೂ ದಾಟಿಸಿ ಕೇಳಿದ್ದ ನಮ್ಮ ಕಿವಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಒಂದು ಚುಕ್ಕಿ ಬಿಡದೆ ಬರೆದೆವು.

ಮಧ್ಯಾಹ್ನ ಓದುವ ಪರೀಕ್ಷೆ. ಹೊರಗಿನ ಬೆಂಚಿನ ಮೇಲೆ ಕೂತ ನಮಗೆ ತೆರೆದ ಬಾಗಿಲಿಂದ ಒಳಗಿನದೆಲ್ಲ ಕಾಣುತ್ತಿತ್ತು. ನಮ್ಮ ಪೈಕಿ ಮೊದಲು ಹೋದವನು ಕೊರವಂಗಲ. ಮೇಜಿನ ಬಳಿ ಹೋಗಿ ಪುಸ್ತಕ ತೆಗೆದುಕೊಂಡ, ಬಗ್ಗಿ ನಮಸ್ಕಾರ ಮಾಡಿದ, ಆಮೇಲೆ ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತಾ ಕೋಣೆಯ ಕೊನೆಯ ಗೋಡೆಗೆ ಬೆನ್ನು ತಾಗಿಸಿ ನಿಂತ. ಪರೀಕ್ಷಕರು ಅವನು ಯಾಕೆ ಓಡಿಹೋಗುತ್ತಿದ್ದಾನೆಂದು ತಿಳಿಯದೆ ನೋಡುತ್ತಿದ್ದರು. ನಮಗೆ ತಿಳಿದಿತ್ತು. ನಡುವೆ ಹೊಳೆಗೆ ಜಾಗ ಬಿಡದೆ ಓದುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಕಪ್ತಾನ ಕೂಗಿದ. ಸೂರಿನ ಮೇಲಿನ ಕಾಗೆಗಳು ಎದ್ದುಹೋದವು. ಪಕ್ಕದ ಕೋಣೆಯಿಂದ ಗುಮಾಸ್ತರೊಬ್ಬರು ಓಡಿ ಬಂದರು. ಪರೀಕ್ಷಕರು ಬೆರಳನ್ನು ಕಿವಿಗೆ ಹಾಕಿಕೊಂಡು, ಆ ತಮ್ಮ ಸಣ್ಣ ದನಿಯಲ್ಲೇ, "ಇದೇನಪ್ಪ, ಹೊಲದಲ್ಲಿ ಹಕ್ಕಿ ಓಡಿಸ್ತಾ ಇದ್ದೀಯಾ?" ಎಂದರು. ಗುಮಾಸ್ತರು ನಕ್ಕರು. ಕೊರವಂಗಲಕ್ಕೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ, ಹಡಗು ಪೂರ್ತಿ ಮುಳುಗುವವರೆಗೂ ಓದಿದ. ಎರಡನೆಯವನೂ ಗೋಡೆಗೆ ಹೋಗಿ ನಿಂತಾಗ ಪರೀಕ್ಷಕರು ಗುಮಾಸ್ತರ ಕಡೆ ತಿರುಗಿ, "ಎಲ್ಲ ಒಂದೇ ಕೊಟ್ಟಿಗೆಯವು" ಎಂದರು. ನನ್ನ ಸರದಿಯಲ್ಲಿ ನಾನು ಮೇಜಿನ ಹತ್ತಿರವೇ ನಿಲ್ಲೋಣವೆಂದುಕೊಂಡು ಹೋದೆ. ಕಾಲು ಕೇಳಲಿಲ್ಲ, ತಾನಾಗಿ ಹಿಂದಕ್ಕೆ ಹೋಯಿತು. ಬಾಯಿ ತೆರೆದರೆ ಹೊಳೆಯ ದನಿಯೇ ಬಂತು. ನನಗೆ ಬೇರೆ ದನಿ ಇರಲಿಲ್ಲ.

ಹೊರಗೆ ಬಂದರೆ ಮೇಷ್ಟ್ರು ಹತ್ತಿರದಲ್ಲಿ ಕಾಣಲಿಲ್ಲ. ರಸ್ತೆ ದಾಟಿ, ಅಷ್ಟು ದೂರದ ಹುಣಸೆಮರದ ಕೆಳಗೆ ನಿಂತಿದ್ದರು. ಬೇಕೆಂದೇ ದೂರ ನಿಂತು ನಮ್ಮೆಲ್ಲರ ಓದನ್ನು ಕೇಳಿದ್ದರು. ನಮ್ಮನ್ನು ಕಂಡವರೇ ವಲ್ಲಿ ಎತ್ತಿ ಹಿಡಿದರು. ನಡುಬೀದಿಯಲ್ಲಿ, ಹೋಗುವ ಬರುವ ಜನರ ಮುಂದೆ. ಅವರ ಮುಖ ಹಾಗೆ ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಇಲ್ಲಿಗಂಟ ಕೇಳ್ತು ಕಣ್ರಲಾ! ಒಂದೊಂದಕ್ಸರಾನೂ ಕೇಳ್ತು! ಆ ಯಪ್ಪ ಏನಂದ?"

ಪರೀಕ್ಷಕರದು ಸಣ್ಣ ದನಿ. ಅವರು ಆಡಿದ್ದೊಂದೂ, ಗುಮಾಸ್ತರ ನಗುವೂ ರಸ್ತೆ ದಾಟಿರಲಿಲ್ಲ. ಕೊರವಂಗಲವೇ ಕೊನೆಗೆ, "ಏನೂ ಅನ್ನಿಲ್ಲ ಸಾ" ಎಂದ. ಮೇಷ್ಟ್ರು ನಮ್ಮನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದರು. ತಾವು ಮಾತ್ರ ಏನೂ ತಿನ್ನದೆ ಒಬ್ಬೊಬ್ಬರ ಎಲೆಯನ್ನೂ ನೋಡುತ್ತಾ, ಇನ್ನೊಂದು ಆಕಿಸ್ಕೊ, ಇನ್ನೊಂದು ಆಕಿಸ್ಕೊ, ಎನ್ನುತ್ತಿದ್ದರು. ಇಂದಿಗೂ ಹಾಸನದಲ್ಲಿ ನಾನು ದೋಸೆ ತಿನ್ನುವುದಿಲ್ಲ.

ಪರೀಕ್ಷೆಯ ಫಲ ಬಂತು. ಕೇಳಿ ಬರೆಯುವುದರಲ್ಲಿ ನಾವೆಲ್ಲ ಮೇಲಿನವರು. ಓದುವುದರಲ್ಲಿ ಅಷ್ಟೂ ಮಂದಿ ಫೇಲು. ಅವರು ಹೇಳಿದ್ದನ್ನು ಕೇಳಿಸಿಕೊಂಡು ಬರೆದುಕೊಳ್ಳುವ ತನಕ ನಾವು ಒಳ್ಳೆಯ ಹುಡುಗರು, ಬಾಯಿ ತೆರೆದಾಗ ಕೊಟ್ಟಿಗೆಯವು. ಇಷ್ಟು ವರ್ಷವಾದರೂ ನನಗೆ ಇದನ್ನು ಸಿಟ್ಟಿಲ್ಲದೆ ಬರೆಯುವುದಕ್ಕೆ ಬರುವುದಿಲ್ಲ. ಬರಬೇಕೆಂದು ನನಗೆ ಅನ್ನಿಸಿಯೂ ಇಲ್ಲ.

ಮೇಷ್ಟ್ರು ನಂಬಲಿಲ್ಲ. ಎಲ್ಲೋ ಅಂಕ ಕೂಡಿಸುವುದರಲ್ಲಿ ತಪ್ಪಾಗಿದೆ ಎಂದರು. ಅದೇ ಪರೀಕ್ಷಕರು ಮಳೆಗಾಲದಲ್ಲಿ ಮತ್ತೆ ಹಾಸನಕ್ಕೆ ಬಂದಿದ್ದಾರೆಂದು ತಿಳಿದಾಗ ನನ್ನನ್ನೂ ಎಳೆದುಕೊಂಡು ಹೊರಟರು. ಪರೀಕ್ಷಕರು ಜಗಲಿಯ ಮೇಲೆ ಇಬ್ಬರು ಮೂವರ ಜೊತೆ ಮಾತಾಡುತ್ತಾ ಕೂತಿದ್ದರು. ಮೇಷ್ಟ್ರು ಅಂಗಳದಲ್ಲೇ ನಿಂತು ಕೈಮುಗಿದರು.

"ಸ್ವಾಮಿ, ನನ್ನ ಉಡುಗ್ರು ಓದಿದ್ರಾಗೆ ಒಂದಕ್ಸರ ತಪ್ಪಿದ್ರೆ ಯೋಳಿ. ನಾನು ಮೇಷ್ಟ್ರ ಕೆಲಸಾನೇ ಬುಟ್ಬುಡ್ತೀನಿ."

ಅವರು ಸೌಜನ್ಯದಿಂದಲೇ ಉತ್ತರ ಕೊಟ್ಟರು. ಆ ಸೌಜನ್ಯವೇ ನನಗೆ ಇಂದಿಗೂ ಹೆಚ್ಚು ಉರಿಯುವುದು. "ತಪ್ಪೇನೂ ಇಲ್ಲ ಮೇಷ್ಟ್ರೇ. ಆದರೆ ಅದು ಹಾಗೆ ಓದುವ ಭಾಷೆಯಲ್ಲ. ದೊಡ್ಡವರ ಮುಂದೆ ಹೇಗೆ ಬಾಯಿ ತೆರೆಯಬೇಕೆಂದು ಮೊದಲು ಕಲಿಸಿ." ಇಷ್ಟನ್ನೂ ಮೆಲ್ಲಗೆ, ಹೆಚ್ಚುಕಡಿಮೆ ಪಿಸುಗುಟ್ಟಿದಂತೆ ಹೇಳಿದರು.

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಹೋದರು. "ಒಸಿ ಜೋರಾಗಿ ಯೋಳಿ ಸ್ವಾಮಿ, ಕೇಳಿಸ್ನಿಲ್ಲ" ಎಂದರು. ಅದು ವ್ಯಂಗ್ಯವಲ್ಲ, ನಿಜವಾಗಿಯೂ ಅವರಿಗೆ ಕೇಳಿಸಿರಲಿಲ್ಲ. ಪರೀಕ್ಷಕರು ಇನ್ನೊಮ್ಮೆ ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ, ಪಕ್ಕದವರ ಕಡೆ ತಿರುಗಿ ಮಾತು ಮುಂದುವರಿಸಿದರು. ಜಿಟಿಜಿಟಿ ಮಳೆಯಲ್ಲಿ ಸ್ಟೇಷನ್ನಿಗೆ ನಡೆದು ಬರುವಾಗ ಮೇಷ್ಟ್ರು ಕೇಳಿದರು, "ಏನಂದ್ರಲಾ ಹಿರೀಸಾವೆ?" ನಾನು ಒಂದಕ್ಷರ ಬಿಡದೆ ಹೇಳಿದೆ. ಕೇಳಿ ಒಪ್ಪಿಸುವುದನ್ನು ಅವರೇ ಅಲ್ಲವೇ ಕಲಿಸಿದ್ದು. ಹೊಳೆನರಸೀಪುರ ಬರುವತನಕ ಅವರು ಬಾಯಿ ಬಿಡದೆ ಕೂತದ್ದನ್ನು ಅಂದು ಮೊದಲ ಸಲ ಕಂಡೆ.

ಮರುವರ್ಷ ಅವರಿಗೆ ಅರಕಲಗೂಡಿಗೆ ವರ್ಗವಾಯಿತು. ಕೊರವಂಗಲದವನು ಊರಿಗೆ ಹೋಗಿ ಆರು ಕಟ್ಟಿದ. ಆಮೇಲೆ ಅವನು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟನಾದ. "ಬೇಲೂರು, ಬೇಲೂರು, ಚನ್ನರಾಯಪಟ್ಣ!" ಎಂದು ಅವನು ಕೂಗಿದರೆ ಪೇಟೆಬೀದಿಯಿಂದ ಜನ ಓಡಿ ಬರುತ್ತಿದ್ದರು. ಅಷ್ಟೂ ಇಂಗ್ಲಿಷು, ಅಷ್ಟೂ ಬೆಳಗುಗಳು, ಆ ಹೊಳೆಯಷ್ಟಗಲದ ದನಿ ಕೊನೆಗೆ ಬಸ್ಸಿಗೆ ಜನ ತುಂಬುವುದಕ್ಕೆ ಬಳಕೆಯಾಯಿತು. ನನ್ನನ್ನು ಕಂಡಾಗ ಮಾತ್ರ ಅವನು ದನಿ ತಗ್ಗಿಸಿ, "ಮೇಷ್ಟ್ರು ಎಂಗವರ್ಲಾ?" ಎಂದು ಕೇಳುತ್ತಿದ್ದ.

ನನ್ನದು ಬೇರೆ ದಾರಿಯಾಯಿತು. ಚನ್ನರಾಯಪಟ್ಟಣದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಸೋದರಮಾವ ನನ್ನ ತಂದೆಯ ಕೈಕಾಲು ಹಿಡಿದು ಇನ್ನೊಂದು ಸಲಕ್ಕೆ ಒಪ್ಪಿಸಿದರು. ಅಲ್ಲಿ ಒಬ್ಬ ನಿವೃತ್ತ ಶಿರಸ್ತೇದಾರರು ನನಗೆ ಪಾಠ ಹೇಳಿದರು. ಅವರು ಇಂಗ್ಲಿಷನ್ನೇನೂ ಹೊಸದಾಗಿ ಕಲಿಸಲಿಲ್ಲ. ಮೇಜಿಗೆ ಒಂದು ಮೊಳದಷ್ಟು ದೂರ ನಿಲ್ಲಬೇಕು, ತಲೆ ತಗ್ಗಿಸಬೇಕು, ಎದುರಿಗಿರುವವರಿಗೆ ತಲೆನೋವೆಂದು ತಿಳಿದು ಓದಬೇಕು, ಇಷ್ಟೇ. ನಾನು ಹಾಗೆಯೇ ಓದಿದೆ. ಪಾಸಾದೆ. ಮೇಷ್ಟ್ರು ಹೊಳೆಯ ದಡದಲ್ಲಿ ಕೊಟ್ಟದ್ದರಲ್ಲಿ ಅರ್ಧವನ್ನು ನುಂಗಿಕೊಂಡದ್ದಕ್ಕೆ ಸರ್ಕಾರ ನನಗೆ ಸರ್ಟಿಫಿಕೇಟು ಕೊಟ್ಟಿತು, ಆಮೇಲೆ ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸವನ್ನೂ ಕೊಟ್ಟಿತು. ಮೇಷ್ಟ್ರನ್ನು ಎರಡು ಸಲ ಆಚೆಗೆ ಅಟ್ಟಿದ್ದು ದನಿ ಸಾಲದೆಂದು, ನಮ್ಮನ್ನು ಅಟ್ಟಿದ್ದು ದನಿ ಹೆಚ್ಚಾಯಿತೆಂದು. ಅಟ್ಟುವವರಿಗೆ ನಮ್ಮ ದನಿಯೊಂದು ನೆಪವೆಂಬುದು ನನಗೆ ತಿಳಿದದ್ದು ಗುಮಾಸ್ತನಾಗಿ ಅವರ ನಡುವೆ ಕೂತ ಮೇಲೆ.

ಯುದ್ಧದ ಕಾಲದಲ್ಲಿ ಕಚೇರಿ ಕೆಲಸದ ಮೇಲೆ ಅರಕಲಗೂಡಿಗೆ ಹೋಗಬೇಕಾಯಿತು. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಏರಿನಲ್ಲೆಲ್ಲ ನಿಂತು ನಿಂತು, ಸಂಜೆಗೆ ತಲುಪಿತು. ನೇರ ಮೇಷ್ಟ್ರ ಮನೆಗೆ ಹೋದೆ. ಗೌರಮ್ಮನವರು ತೀರಿಕೊಂಡು ವರ್ಷವಾಗಿತ್ತು. ಮೇಷ್ಟ್ರ ಕೂದಲು ಬೆಳ್ಳಗಾಗಿತ್ತು, ಎದೆ ಒಳಕ್ಕೆ ಹೋಗಿತ್ತು. ಅವರೇ ಅವಲಕ್ಕಿ ಕಲಸಿ ಕೊಟ್ಟು ಎದುರು ಕೂತರು. ಊರು, ಮಳೆ, ಸೀಮೆಎಣ್ಣೆ ಸಿಗದ ಕಷ್ಟ ಎಲ್ಲ ಆದ ಮೇಲೆ ವಿಷಯಕ್ಕೆ ಬಂದರು.

"ಇಲ್ಲಿ ವಳೆ ಇಲ್ಲ. ಕೆರೆ ಏರಿ ಮ್ಯಾಲೆ ನಿಂತು ಓದಿಸ್ತಿದ್ದೆ. ಓದ ವರ್ಸ ನಾಕು ಉಡುಗ್ರು ಓಗಿದ್ರು. ಅಂಗೇ ವಾಪಸ್ ಬಂದ್ರು. ಅದರ ಇಂದಿನ ವರ್ಸಾನೂ ಅಷ್ಟೇ." ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. "ನೀನು ಎರಡನೇ ಕಿತ ಪಾಸಾದ್ಯಲ್ಲಪ್ಪ. ಎಂಗೆ ಓದ್ದೆ?"

"ಬಿಡಿ ಸಾ, ಅದೇನ್ ದೊಡ್ಡ ಇದ್ಯೆ."

"ಯೋಳಪ್ಪ. ನಾಚ್ಕೊಬ್ಯಾಡ."

"ಮೇಜಿನತ್ರ ನಿಂತ್ಕೊಂಡು, ತಲೆ ತಗ್ಗಿಸಿ, ಮೆಲ್ಲಗೆ ಓದ್ದೆ ಸಾ."

"ಎಷ್ಟು ಮೆಲ್ಲಗೆ?"

ಅವರು ಕೇಳಿದ ರೀತಿಗೆ ನನ್ನ ಕೈ ಅವಲಕ್ಕಿಯ ತಟ್ಟೆಯಲ್ಲೇ ನಿಂತಿತು. ಹೊಸ ಪಾಠವನ್ನು ಮೊದಲ ಸಲ ಕೇಳುವ ಹುಡುಗನ ಹಾಗೆ ಕೇಳಿದ್ದರು. ನಾನು ಏನು ಹೇಳಿದೆನೋ ನೆನಪಿಲ್ಲ. ಅವರು ತಲೆಯಾಡಿಸಿ, "ನಾಳೆ ಬೆಳಿಗ್ಗೆ ಇಸ್ಕೂಲಿಗೆ ಬಾ. ಈ ವರ್ಸದ ಉಡುಗ್ರಿಗೆ ಒಂದ್ ಕಿತ ಓದಿ ತೋರಿಸ್ಬುಟ್ಟು ಓಗು. ನಂಗೆ ಅದು ಬರಾಕಿಲ್ಲ. ನನ್ನ ಅಟಕ್ಕೆ ಇವು ಯಾಕೆ ಆಳಾಗ್ಬೇಕು" ಎಂದರು.

ಬೆಳಿಗ್ಗೆ ಹೋದೆ. ಅದೇ ಕೊನೆಯ ಭೇಟಿ. ಮುಂದಿನ ಬೇಸಿಗೆಯಲ್ಲಿ ಮೇಷ್ಟ್ರು ತೀರಿಕೊಂಡರು, ನನಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ. ಆ ಬೆಳಿಗ್ಗೆ ತರಗತಿಯಲ್ಲಿ ಏಳೆಂಟು ಹುಡುಗರಿದ್ದರು, ಎಲ್ಲ ಸುತ್ತಮುತ್ತಲ ಹಳ್ಳಿಯವರು. ಮೇಷ್ಟ್ರು ನನ್ನನ್ನು ತಮ್ಮ ಮೇಜಿನ ಬಳಿ ನಿಲ್ಲಿಸಿ, ಪುಸ್ತಕ ಕೊಟ್ಟು, ತಾವು ಹೋಗಿ ಕೊನೆಯ ಬೆಂಚಿನಲ್ಲಿ ಹುಡುಗರ ಪಕ್ಕ ಕೂತರು. ತೆಗೆದದ್ದು ಹಡಗು ಮುಳುಗುವ ಪಾಠ. ಶಿರಸ್ತೇದಾರರು ಕಲಿಸಿದ ದನಿಯಲ್ಲಿ ಓದಿದೆ. ಬಿರುಗಾಳಿಯ ನಡುವೆ ಕಪ್ತಾನ, ಪಕ್ಕದವರ ಬಳಿ ಒಂದು ಚಿಟಿಕೆ ನಶ್ಯ ಕೇಳುವಂತೆ ಅಪ್ಪಣೆ ಕೊಟ್ಟ. ಮುಂದಿನ ಬೆಂಚಿನ ಹುಡುಗರು ತುಟಿ ಆಡಿಸುತ್ತಾ ಜೊತೆಗೆ ಓದುತ್ತಿದ್ದರು. ಹಿಂದೆ ಮೇಷ್ಟ್ರೂ ತುಟಿ ಆಡಿಸುತ್ತಿದ್ದರು. ಒಂದೆರಡು ಸಲ ಅವರ ಗಂಟಲಿಂದ ಹಳೆಯ ದನಿ ತಪ್ಪಿ ಆಚೆ ಬಂತು. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ನನಗೆ ಪುಸ್ತಕ ಬಿಸುಟು ಹೊರಗೆ ಹೋಗಿಬಿಡೋಣ ಎನ್ನಿಸಿತು. ಹುಡುಗರು ನನ್ನನ್ನೇ ನೋಡುತ್ತಿದ್ದರು. ಕೊನೆಯ ಸಾಲಿನವರೆಗೂ ಓದಿದೆ.

ತಲೆ ಎತ್ತಿದರೆ ಮೇಷ್ಟ್ರು ಎದ್ದು ನಿಂತಿದ್ದರು. ಹೆಗಲ ಮೇಲಿನ ವಲ್ಲಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದರು. ಹುಡುಗರು ಏನೆಂದು ತಿಳಿಯದೆ ತಿರುಗಿ ನೋಡಿದರು.

ನಾನು ಹತ್ತಿರ ಹೋಗಿ, "ಕೇಳಿಸ್ತಾ ಸಾ?" ಎಂದೆ.

"ಇಲ್ಲ ಕಣಪ್ಪ. ಒಂದಕ್ಸರಾನೂ ಕೇಳಿಸ್ನಿಲ್ಲ" ಎಂದರು ಮೇಷ್ಟ್ರು. "ಇವು ಪಾಸಾಯ್ತವೆ ಬುಡು."